ನೀರು ಮುಟ್ಟದ ಟಗರು

ಸಂತೆಗೆ ಹೊರಟ ಕುರಿಗೆ ದಾರಿಯಲ್ಲಿ ನೀರು ಕುಡಿಸಬಾರದು. ಜಗಳೂರು ಸೀಮೆಯ ಕುರಿಗಾರ ಓಬಳಪ್ಪನಿಗೆ ಅವನ ಅಪ್ಪ ಕಲಿಸಿದ ಪಾಠ ಇದು. ಹೊರಡುವ ಹಿಂದಿನ ಸಂಜೆ ಚೆನ್ನಾಗಿ ಉಪ್ಪು ನೆಕ್ಕಿಸುವುದು, ದಾರಿಯುದ್ದಕ್ಕೂ ಬಾಯಿ ಒಣಗಿಸುವುದು, ಊರು ಮುಟ್ಟಿದ ಮೇಲೆ, ಬೆಲೆ ಮಾತಾಡುವ ಮುಂಚೆ, ಒಂದೇ ಸಲಕ್ಕೆ ಹೊಟ್ಟೆ ಬಿರಿಯುವಷ್ಟು ಕುಡಿಸುವುದು. ಆಗ ಬಡಕಲು ಕುರಿಯೂ ಗುಂಡಗುಂಡಗೆ ಕಾಣುತ್ತದೆ. ಕೊಳ್ಳುವವನು ಬೆನ್ನು ತಡವಿ ತಲೆಯಾಡಿಸುತ್ತಾನೆ. ಆ ಕಡೆಯ ಕುರಿಗಾರರೆಲ್ಲ ಮಾಡುತ್ತಿದ್ದದ್ದು ಇದನ್ನೇ. ಎಲ್ಲರೂ ಮಾಡುವ ಕೆಲಸವನ್ನು ತಪ್ಪು ಎನ್ನುವವರು ಯಾರು?

ಎರಡನೇ ಮಹಾಯುದ್ಧ ಇನ್ನೂ ಮುಗಿಯದ ಕಾಲ. ಓಬಳಪ್ಪ ತನ್ನ ಕುರಿಗಳನ್ನು ಹೊಡೆದುಕೊಂಡು ಸಂತೇಬೆನ್ನೂರಿಗೆ ನಡೆದೇ ಬರುತ್ತಿದ್ದ. ಕೆರೆಯ ವಾಸನೆ ಹಿಡಿದು ಕುರಿಗಳು ಅತ್ತ ನುಗ್ಗಿದರೆ ಕೋಲು ಬೀಸಿ ತಿರುಗಿಸುತ್ತಿದ್ದ. ಕೆಟ್ಟವನೇನಲ್ಲ. ಮನೆಯಲ್ಲಿ ತಾಯಿ ಸತ್ತ ಮರಿಗೆ ಬಟ್ಟೆ ಅದ್ದಿ ಹಾಲು ಚೀಪಿಸುವ ಮನುಷ್ಯ. ಆದರೆ ಸಂತೆಯ ದಾರಿ ಹಿಡಿದನೆಂದರೆ ಕುರಿಗಳ ಮುಖ ನೋಡುತ್ತಿರಲಿಲ್ಲ. ನೋಡಿದರೆ ಮಾರುವುದಾದರೂ ಹೇಗೆ?

ಈ ಸಲ ದಾರಿಯಲ್ಲಿ ಒಂದು ಟಗರು ಬೇಲಿಗೆ ಒರಗಿ ನಿಂತುಬಿಟ್ಟಿತ್ತು. ಎಳೆಯಲು ಹೋದಾಗ ಜಾಲಿಮುಳ್ಳು ಓಬಳಪ್ಪನ ಬಲ ಅಂಗೈಯನ್ನು ಉದ್ದಕ್ಕೆ ಸೀಳಿತು. ಪಂಚೆಯ ಅಂಚು ಹರಿದು ಕಟ್ಟಿಕೊಂಡು ಮುಂದೆ ನಡೆದ.

ಸಂತೇಬೆನ್ನೂರಿನಲ್ಲಿ ಅವನ ಹಳೆಯ ಗಿರಾಕಿ ಮಾಂಸದಂಗಡಿಯ ಫಕೀರಸಾಬ. ಅಂಗಡಿಯ ಹಿತ್ತಲಲ್ಲಿ ಒಂದು ಕಲ್ಲುಬಾನಿ ಇತ್ತು, ಅದರಲ್ಲಿ ಯಾವಾಗಲೂ ತಿಳಿನೀರು. ಬಂದ ಕುರಿ ನೀರು ಕುಡಿದು, ಒಂದು ರಾತ್ರಿ ಮಲಗಿ ಎದ್ದ ಮೇಲೆಯೇ ಅವನು ಚೂರಿ ಮುಟ್ಟುತ್ತಿದ್ದದ್ದು. ಒಂದು ಕುರಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯುತ್ತಿರಲಿಲ್ಲ.

"ಸಾಬ್ರೆ, ನಾಳೆ ಸಾಯೋ ಕುರಿಗೆ ಇವತ್ತು ಇಷ್ಟೊಂದು ಉಪಚಾರ ಯಾಕ್ರೀ?" ಎಂದು ಓಬಳಪ್ಪ ಕಾಲೆಳೆಯುತ್ತಿದ್ದ.

"ಕೊಯ್ಯೋನು ನಾನು ಓಬಳಣ್ಣ. ಅದಕ್ಕೇ ನೀರು ಕುಡಿಸೋ ಹೊಣೆನೂ ನಂದೇ. ನೀನು ದುಡ್ಡು ಇಸ್ಕೊಂಡು ಮುಖ ತಿರುಗಿಸ್ಕೊಂಡು ಹೋಗ್ತೀಯ. ನಂಗೆ ಹಂಗೆ ಹೋಗಾಕೆ ಆಗ್ತೈತೇನು?"

ಆ ಮಾತಿಗೆ ಓಬಳಪ್ಪ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ದುಡ್ಡು ಎಣಿಸಲು ಕೂರುತ್ತಿದ್ದ.

ಅಂದೂ ಕುರಿಗಳು ಬಾನಿಗೆ ಮುಗಿಬಿದ್ದವು. ಒಂದನ್ನೊಂದು ತಳ್ಳಿಕೊಂಡು ಸೊರಸೊರ ಕುಡಿದವು. ಬೇಲಿಗೆ ಒರಗಿದ್ದ ಆ ಟಗರು ಮಾತ್ರ ದೂರ ನಿಂತಿತ್ತು. ಫಕೀರಸಾಬ ಬೊಗಸೆಯಲ್ಲಿ ನೀರು ಹಿಡಿದು ಮೂತಿಯ ಹತ್ತಿರ ಒಯ್ದ. ಅದು ತುಟಿ ಕೂಡ ಅಲುಗಿಸಲಿಲ್ಲ.

"ಇದು ಯಾವಾಗಿನಿಂದ ನೀರು ಬಿಟ್ಟೈತೆ?"

ಓಬಳಪ್ಪ ದಾರಿಯಲ್ಲಿ ಯಾವ ಕುರಿಗೂ ನೀರು ತೋರಿಸಿದವನೇ ಅಲ್ಲ, ಕುಡಿಯದ ಕುರಿ ಯಾವುದೆಂದು ಅವನಿಗೆ ಹೇಗೆ ಗೊತ್ತಾಗಬೇಕು?

"ನಡೆದು ಸುಸ್ತಾಗೈತೆ ಬಿಡ್ರಿ. ಬಿದ್ದು ಸಾಯೋದಕ್ಕಿಂತ ಮುಂಚೆ ಕೊಯ್ದುಬಿಡ್ರಿ, ನಿಮಗೂ ಲುಕ್ಸಾನಿಲ್ಲ, ನನಗೂ ಇಲ್ಲ."

"ತೌಬಾ! ಕಾಯಿಲೆ ಕುರಿ ಕೊಯ್ದು ಊರಿಗೆ ತಿನ್ನಿಸಲಾ? ನನ್ನ ಕೈಯಾಗೆ ಆಗಲ್ಲ."

ಇಬ್ಬರ ಮಾತು ಏರುತ್ತಿದ್ದಂತೆ ಟಗರಿನ ಕಾಲುಗಳು ನಡುಗಿದವು. ಮಗ್ಗುಲಾಗಿ ಬಿದ್ದು ಎರಡು ಸಲ ಒದ್ದುಕೊಂಡು ತಣ್ಣಗಾಯಿತು. ಮೂಗಿನಿಂದ ಕಪ್ಪುರಕ್ತ ಇಳಿಯಿತು. ಅದು ಹೆಪ್ಪುಗಟ್ಟಲೇ ಇಲ್ಲ.

ಓಬಳಪ್ಪ ವರ್ಷವಿಡೀ ಮೇಯಿಸಿದ ಟಗರು! "ಹೋಗ್ಲಿ, ಚರ್ಮನಾದ್ರೂ ದಕ್ಕಲಿ" ಎನ್ನುತ್ತಾ ಸೊಂಟದ ಚೂರಿ ಹಿರಿದು, ಸೀಳಿದ ಅಂಗೈಯ ಬಟ್ಟೆ ಬಿಚ್ಚಿ ಎಸೆದು ಕುರಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ.

ಅಷ್ಟರಲ್ಲಿ ಯಾರೋ ಅವನ ಮುಂಗೈ ಗಟ್ಟಿಯಾಗಿ ಹಿಡಿದರು. ಫಕೀರಸಾಬನ ಅಂಗಡಿಯಲ್ಲಿ ಚರ್ಮ ಸುಲಿಯುವ ಅಮೀರ್‌ಜಾನ್. ಮಾತು ಕಡಿಮೆಯ ಮನುಷ್ಯ. ಅಂದು ಮಾತ್ರ ಅಂಗಿಯ ತೋಳು ಮೇಲಕ್ಕೆ ಸರಿಸಿ ತನ್ನ ಕೈ ತೋರಿಸಿದ. ಮೊಣಕೈ ಕೆಳಗೆ ಹಳೆಯ ಗಾಯದ ಗುಳಿ, ಸುತ್ತ ಸುಕ್ಕುಗಟ್ಟಿದ ಚರ್ಮ.

"ನಾನು ಮೊದಲು ಬೇರೆ ಊರಾಗೆ ಕೆಲಸಕ್ಕಿದ್ದೆ ಓಬಳಣ್ಣ. ಎಷ್ಟು ಸುಲಿದ್ರೆ ಅಷ್ಟು ಕೂಲಿ. ಇಂಥದ್ದೇ ಒಂದು ಸತ್ತ ಕುರಿ ಬಂತು. ಬೇಡ ಅಂದ್ರೆ ಮನೇಲಿ ಒಲೆ ಉರಿಯಂಗಿಲ್ಲ. ನಾನೂ ನಮ್ಮಣ್ಣನೂ ಕೂತು ಸುಲಿದ್ವಿ. ನನಗೆ ಕೈಯಾಗೆ ಗುಳ್ಳೆ ಎದ್ದು ಕರ್ರಗಾಯ್ತು, ಆಸ್ಪತ್ರೆಗೆ ಹೋಗಿ ಬದುಕ್ಕೊಂಡೆ. ಅಣ್ಣನಿಗೆ ಕುತ್ತಿಗೆಗೆ ಎದ್ದಿತ್ತು, ಅವನು ಉಳೀಲಿಲ್ಲ." ಅಮೀರ್‌ಜಾನ್ ತೋಳು ಕೆಳಗಿಳಿಸಿದ. "ಮಾಲೀಕರಿಗೆ ಚರ್ಮ ಸಿಕ್ತು. ನಮ್ಮ ಅತ್ತಿಗೆಗೆ ಏನೂ ಸಿಗಲಿಲ್ಲ."

ಓಬಳಪ್ಪ ಚೂರಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದ.

"ಇಲ್ಲಿ ಸಾಬ್ರು ನನಗೆ ದಿನಗೂಲಿ ಕೊಡ್ತಾರೆ. ಸುಲಿದ್ರೂ ಅಷ್ಟೇ, ಸುಲೀದಿದ್ರೂ ಅಷ್ಟೇ. ಅದಕ್ಕೇ ಇವತ್ತು ಬೇಡ ಅನ್ನೋ ಧೈರ್ಯ ನಂಗೈತೆ" ಎಂದ ಅಮೀರ್‌ಜಾನ್. ಫಕೀರಸಾಬ ದನದ ಡಾಕ್ಟರಿಗೆ ಹೇಳಿಕಳಿಸಿದ.

ಚನ್ನಗಿರಿಗೆ ಆಳು ಓಡಿದ. ದನದ ಡಾಕ್ಟರು ಮಲ್ಲೇಶಪ್ಪನವರು ಸೈಕಲ್ ತುಳಿದುಕೊಂಡು ಬಂದರು. ಟಗರಿನ ಕಿವಿಯಿಂದ ಒಂದು ತೊಟ್ಟು ರಕ್ತ ತೆಗೆದು ಗಾಜಿಗೆ ಸವರಿಕೊಂಡರು.

"ನೆರಡಿ ರೋಗದ ಗುರುತು ಇದು, ಇಂಗ್ಲಿಷಿನಲ್ಲಿ ಆಂಥ್ರಾಕ್ಸ್ ಅಂತಾರೆ, ರಕ್ತದಿಂದ ಮನುಷ್ಯರಿಗೂ ಅಂಟುತ್ತೆ. ಕೊಯ್ಯಬೇಡಿ, ಸುಲೀಬೇಡಿ. ಚರ್ಮದ ಸಮೇತ ಆಳವಾಗಿ ಹೂತು ಸುಣ್ಣ ಸುರೀರಿ. ರಕ್ತ ಬಿದ್ದ ಜಾಗದ ಮೇಲೆ ಹುಲ್ಲು ಹಾಕಿ ಸುಟ್ಟುಬಿಡಿ" ಎಂದರು. ಆಮೇಲೆ ಓಬಳಪ್ಪನ ಅಂಗೈ ನೋಡಿ ಅವರ ಮುಖ ಗಂಭೀರವಾಯಿತು. "ಈ ಕೈ ಅದರೊಳಗೆ ಇಟ್ಟಿಲ್ಲ ತಾನೆ?"

"ಇಲ್ಲ ಸ್ವಾಮಿ. ಇಡಾಕೆ ಹೋಗಿದ್ದೆ. ಇವರು ಬಿಡಲಿಲ್ಲ."

"ಹಾಗಾದರೆ ಇವರಿಗೆ ಕೈಮುಗಿ. ಮೊದಲು ಸೋಪು ಹಚ್ಚಿ ಕೈ ತೊಳಿ. ದಾರಿಯಲ್ಲಿ ನೀರು ತೋರಿಸಿದ್ದರೆ ಇದಕ್ಕೆ ಕಾಯಿಲೆ ಅಂತ ನಿನಗೆ ಅಲ್ಲೇ ಗೊತ್ತಾಗುತ್ತಿತ್ತಪ್ಪ."

ಉಳಿದ ಕುರಿಗಳಿಗೆ ಸೂಜಿಮದ್ದು ಹಾಕಿದರು. ಡಾಕ್ಟರು ಸರಿ ಎನ್ನುವವರೆಗೆ ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಎಲ್ಲಿಡಬೇಕು ಎಂದು ಓಬಳಪ್ಪ ತಲೆಮೇಲೆ ಕೈಹೊತ್ತು ಕೂರುವ ಮೊದಲೇ ಫಕೀರಸಾಬ ತನ್ನ ಹೊಲದ ಬೇಲಿ ತೆಗೆದುಕೊಟ್ಟ. ಅವನ ಹೆಂಡತಿ ಸುಗ್ರಾ ದಿನವೂ ಬುತ್ತಿ ಕಳಿಸಿದಳು. ಮತ್ತೆ ಒಂದು ಕುರಿಯೂ ಸಾಯಲಿಲ್ಲ.

ಊರಿಗೆ ಮರಳಿದ ಓಬಳಪ್ಪ ಉಣ್ಣಲು ಕುಳಿತ. ಹೆಂಡತಿ ಕೆಂಪಕ್ಕನಿಗೆ ಎಲ್ಲ ಹೇಳಿದ. ಅವಳು ಅವನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಗಾಯ ಮಾಯುತ್ತಾ ಬಂದಿತ್ತು. "ಆ ಮನೆಯವರ ಹೊಟ್ಟೆ ತಣ್ಣಗಿರಲಿ" ಎಂದಳು. ಮುದ್ದೆ ಆರುತ್ತಿದ್ದರೂ ಕೈ ಬಿಡಲಿಲ್ಲ.

ಮುಂದಿನ ಸಲ ಓಬಳಪ್ಪ ಸಂತೇಬೆನ್ನೂರಿಗೆ ಬಂದಾಗ ಕುರಿಗಳು ಬಾನಿಯ ಹತ್ತಿರ ಹೋಗಿ, ಮೂಸಿ, ಹಿಂದೆ ಸರಿದವು. ಫಕೀರಸಾಬ ಕೈಲಿದ್ದದ್ದು ಬಿಟ್ಟು ಓಡಿಬಂದ.

"ಓಬಳಣ್ಣ! ಒಂದೂ ಕುಡೀತಿಲ್ವಲ್ಲೋ!"

ಓಬಳಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೆಂಗೆ ಕುಡೀತಾವೆ ಸಾಬ್ರೆ? ಕಂಡ ಕೆರೆಗೆಲ್ಲ ಇಳಿಸ್ಕೊಂಡು, ನೆರಳು ಸಿಕ್ಕಲ್ಲೆಲ್ಲ ಕೂರಿಸ್ಕೊಂಡು ಬಂದೀನಿ. ಹೊಟ್ಟೆ ತುಂಬೈತೆ. ಮೆಲುಕು ಹಾಕ್ತಾವೆ ನೋಡ್ರಿ. ಇನ್ನು ಮೇಲೆ ಕುರಿ ಗುಂಡಗೆ ಕಾಣದಿದ್ರೆ ಪರವಾಗಿಲ್ಲ, ನಿಮಗೆ ಇದ್ದಂಗೆ ತೋರಿಸ್ತೀನಿ."

ಮರುದಿನ ಬೆಳಿಗ್ಗೆ ಅವನು ಮುಖ ತಿರುಗಿಸಿಕೊಂಡು ಹೋಗಲಿಲ್ಲ. ಮೊದಲ ಕುರಿಯನ್ನು ತಾನೇ ಮರೆಗೆ ನಡೆಸಿಕೊಂಡು ಹೋಗಿ, ಬೊಗಸೆ ನೀರು ತೋರಿಸಿ, ಅದರ ಹಣೆ ನೇವರಿಸಿ ಫಕೀರಸಾಬನಿಗೆ ಒಪ್ಪಿಸಿದ. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಮಾಂಸ ತಿನ್ನುವವರು ನಾವು, ಸಾಕುವವರೂ ಮಾರುವವರೂ ನಾವೇ. ನಮಗಾಗಿ ಸಾಯುವ ಜೀವಕ್ಕೆ ದಾರಿಯಲ್ಲಿ ನೀರು ಕೊಡೋಣ, ನೆರಳು ಕೊಡೋಣ. ಕಾಯಿಲೆಯ ಕುರಿ ಕೊಯ್ಯುವುದು ಬೇಡ. ತಟ್ಟನೆ ಸತ್ತದ್ದನ್ನು ಸುಲಿಯುವುದೂ ಬೇಡ, ಸುಲಿಯಲು ಹೇಳುವುದೂ ಬೇಡ. ದನದ ಡಾಕ್ಟರಿಗೆ ಹೇಳಿಕಳಿಸಿ. ಬೇಡ ಎಂದ ಆಳಿನ ಕೂಲಿ ಹಿಡಿಯಬೇಡಿ. ಇವತ್ತು ನಿಮ್ಮ ತಟ್ಟೆಗೆ ಮಾಂಸ ಬಿದ್ದರೆ, ತುತ್ತು ಎತ್ತುವ ಮೊದಲು ನಿಮ್ಮ ಬಲಗೈ ಒಮ್ಮೆ ನೋಡಿಕೊಳ್ಳಿ. ಆ ಕುರಿಯನ್ನು ಸುಲಿದು ಕೊಟ್ಟವನಿಗೂ ಅಂಥದ್ದೇ ಒಂದು ಕೈ ಇದೆ.