ಒಳ್ಳೆಯ ಪ್ರಶ್ನೆ

"ಆಗ ನಾನು ಅಂಗಿ ಜೇಬಿನಿಂದ ಚಿತುಪಾ ತೆಗೆದೆ," ಎಂದು ಕಪೆಂಬ್ವಾ ಎದೆಯ ಹತ್ತಿರ ಕೈ ಇಟ್ಟುಕೊಂಡರು. "ಬಿಳಿಯರ ಸರ್ಕಾರ ಕೊಟ್ಟಿದ್ದ ಗುರುತಿನ ಚೀಟಿ. ಅದಿಲ್ಲದೆ ಪಟ್ಟಣದ ಕಡೆ ಕಾಲಿಡೋ ಹಾಗಿರಲಿಲ್ಲ. ಎದುರಿಗೆ ಜಿಲ್ಲೆಯ ದೊರೆ ನಿಂತಿದ್ದ, ಅವನ ಹಿಂದೆ ಬಂದೂಕಿನ ಪೊಲೀಸರು. ಅವನ ಮುಖ ನೋಡ್ತಾ ನೋಡ್ತಾನೇ ಚೀಟಿನ ಬೆಂಕಿಗೆ ಹಾಕಿದೆ."

ಎಂಟನೇ ತರಗತಿಯ ಮಕ್ಕಳು ಪೆನ್ನು ಅಲ್ಲಾಡಿಸುವುದನ್ನೂ ಮರೆತು ಕೂತಿದ್ದರು. ಕಟೊಂಗೊ ಕಿಟಕಿಗೆ ಒರಗಿ ನಿಂತಿದ್ದಳು. ಈ ಕಥೆಯನ್ನು ಕೇಳುತ್ತಲೇ ಬೆಳೆದವಳು ಅವಳು. ಲುಸಾಕಾದ ಈ ಅಂತರರಾಷ್ಟ್ರೀಯ ಶಾಲೆಯಲ್ಲಿ ಇತಿಹಾಸ ಹೇಳಲು ಸೇರಿದಾಗಿನಿಂದ ಇಂಗ್ಲೆಂಡಿನ ರಾಜರು ಯಾವ ರಾಣಿಯ ತಲೆ ಕಡಿಸಿದರು ಎಂಬುದನ್ನೇ ವರ್ಷವರ್ಷ ಒದರಿ ಸಾಕಾಗಿತ್ತು. ಪ್ರಿನ್ಸಿಪಾಲರ ಬೆನ್ನು ಹತ್ತಿ, ಕಾಡಿ ಬೇಡಿ, ಬಿಳಿಯರ ಆಳ್ವಿಕೆಯ ವಿರುದ್ಧ ಈ ನೆಲದಲ್ಲಿ ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಎದ್ದ ಗಲಾಟೆಗೆಂದು ಒಂದು ತಿಂಗಳು ಗಿಟ್ಟಿಸಿಕೊಂಡಿದ್ದಳು. ಅದರ ಕೊನೆಯ ಪಾಠಕ್ಕೆ ಅಪ್ಪನನ್ನೇ ಕರೆತಂದಿದ್ದಳು.

ಕಪೆಂಬ್ವಾ ಬೆಳಿಗ್ಗೆ ಎದ್ದವರೇ ತಮ್ಮ ಕೋಟನ್ನು ತಾವೇ ಇಸ್ತ್ರಿ ಮಾಡಿಕೊಂಡಿದ್ದರು. ಶಾಲೆಯ ಗೇಟಿನಲ್ಲಿ ಕಾವಲುಗಾರ ಫಿರಿಯನ್ನು ಕಂಡದ್ದೇ ತಡ, "ಇಲಿ ತಿನ್ನೋ ಪೂರ್ವದವನಿಗೆ ಇಷ್ಟು ದೊಡ್ಡ ಗೇಟು ಕೊಟ್ಟವರು ಯಾರಯ್ಯಾ?" ಎಂದು ಕೆಣಕಿದ್ದರು. "ಕೋತಿ ತಿನ್ನೋರು ಬಂದ್ರೆ ತಡೆಯೋಕೆ ಅಂತಲೇ ಕೊಟ್ಟಿದ್ದಾರೆ, ಯಜಮಾನ್ರೇ," ಎಂದು ಫಿರಿ ಸಲಾಮು ಹೊಡೆದಿದ್ದ. ಅವರಿಬ್ಬರ ಬುಡಕಟ್ಟುಗಳ ನಡುವೆ ಹೀಗೆ ಬೈದುಕೊಳ್ಳುವ ಸಲಿಗೆ ತಲೆತಲಾಂತರದ್ದು; ಇಬ್ಬರೂ ಕೈ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು.

ಈಗ ಕಥೆ ಮುಗಿದಿತ್ತು. ಜೈಲು, ಬೆನ್ನಿಗೆ ಬಿದ್ದ ಚಾಟಿ, ಎಲ್ಲ ಆಗಿತ್ತು. ಮುಂದಿನ ಬೆಂಚಿನಿಂದ ಹಿರುತ್ ಕೈ ಎತ್ತಿದಳು. ಇಥಿಯೋಪಿಯಾದ ರಾಯಭಾರ ಕಚೇರಿಯಲ್ಲಿದ್ದವರ ಮಗಳು. ಬುದ್ಧಿವಂತೆ, ವಿನಯವಂತೆ. ಕಟೊಂಗೊಗೆ ಒಳಗೊಳಗೇ ಅಚ್ಚುಮೆಚ್ಚು.

"ತಾತ, ಹೋದ ವಾರ ಮಿಸ್ ಹೇಳಿದ್ರು, ಚಿತುಪಾ ಕೊಡ್ತಾ ಇದ್ದಿದ್ದು ಹದಿನಾರು ತುಂಬಿದವರಿಗೆ ಮಾತ್ರ ಅಂತ. ನೀವು ಶುರುವಿನಲ್ಲಿ ನಲವತ್ತೇಳರಲ್ಲಿ ಹುಟ್ಟಿದ್ದು ಅಂದ್ರಿ. ಹಾಗಾದ್ರೆ ಆಗ ನಿಮಗೆ ಹದಿನಾಲ್ಕು. ಸುಟ್ಟಿದ್ದು ಯಾರ ಚಿತುಪಾ?"

"ಒಳ್ಳೆಯ ಪ್ರಶ್ನೆ, ಹಿರುತ್," ಎಂದಳು ಕಟೊಂಗೊ.

ಅದು ಮೇಷ್ಟ್ರುಗಳ ಬಾಯಿಯ ಚಟ. ಯೋಚಿಸಿ ಆಡುವ ಮಾತಲ್ಲ, ಸೀನಿದ ಹಾಗೆ ಬಂದುಬಿಡುತ್ತದೆ. ಕಪ್ಪುಹಲಗೆಯ ಪಕ್ಕದಲ್ಲಿ ಅವಳೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಳಲ್ಲ: ಹೇಳುತ್ತಿರುವವರು ಯಾರು? ಅವರು ಅಲ್ಲಿದ್ದರೇ? ಅದನ್ನು ಬರೆದದ್ದು ಆ ದೊರೆಗಳ ವರದಿಗಳನ್ನು ಮಕ್ಕಳು ಜಾಲಾಡಲಿ ಎಂದು. ಕಲಿಸಿದ್ದನ್ನು ಹುಡುಗಿ ಚೆನ್ನಾಗಿಯೇ ಕಲಿತಿದ್ದಳು.

ಕಪೆಂಬ್ವಾ ಹಿರುತ್ ಕಡೆ ನೋಡಲಿಲ್ಲ. ಮಗಳ ಕಡೆ ನೋಡಿದರು. ಏನೋ ಹೇಳಲು ಬಾಯಿ ತೆರೆದು, ತಮ್ಮ ಮಿಷನ್ ಶಾಲೆಯ ಇಂಗ್ಲಿಷಿನಲ್ಲಿ ಹುಡುಕಾಡಿ, "ಮರೆತುಹೋಗಿದೆ," ಎಂದು ಕುರ್ಚಿಯ ಮೇಲೆ ಕುಳಿತುಕೊಂಡರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಗಂಟೆ ಹೊಡೆಯಿತು. ಮಕ್ಕಳು ಹೇಳಿಕೊಟ್ಟಂತೆ ಚಪ್ಪಾಳೆ ತಟ್ಟಿದರು.

ಹೊರಗೆ ಬರುವಾಗ ಫಿರಿ ಗೇಟು ತೆಗೆಯುತ್ತ, "ಏನು ಯಜಮಾನ್ರೇ, ನಮ್ಮ ಮಕ್ಕಳಿಗೆ ಮರ ಹತ್ತೋದು ಕಲಿಸಿದ್ರಾ?" ಎಂದ. ಕಪೆಂಬ್ವಾ ಕೋಟಿನ ಗುಂಡಿ ಬಿಚ್ಚುತ್ತ ಕಾರಿನ ಕಡೆ ನಡೆದರು.

ಕಾರಿನಲ್ಲಿ ಕಟೊಂಗೊ ಬಹಳ ಹೊತ್ತು ತಡೆದುಕೊಂಡಳು. ಯಾವ ಕಥೆ ಕೇಳಿ ಇತಿಹಾಸ ಓದಬೇಕೆಂದು ಹಟ ಹಿಡಿದಿದ್ದಳೋ ಅದೇ ಕಥೆ ಹನ್ನೆರಡರ ಹುಡುಗಿಯೊಬ್ಬಳ ಕೂಡುವ ಕಳೆಯುವ ಲೆಕ್ಕಕ್ಕೆ ನಿಲ್ಲಲಿಲ್ಲ. ಅದೂ ಎಲ್ಲರೆದುರಿಗೆ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಬಾಯಿ ನಿಲ್ಲಲಿಲ್ಲ.

"ಅಪ್ಪಾ, ಇಷ್ಟು ವರ್ಷ ಸುಳ್ಳು ಯಾಕೆ ಹೇಳಿದ್ರಿ?"

"ಸುಳ್ಳಾ?" ಎಂದರು ಅವರು. ಆಮೇಲೆ, "ನಾನು ಕಪೆಂಬ್ವಾ," ಎಂದರು.

"ನಿಮ್ಮ ಹೆಸರು ನನಗೂ ಗೊತ್ತು. ಹೆಸರು ಯಾರು ಕೇಳಿದ್ರು ಈಗ?"

ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಶನಿವಾರ ಊರಿನಿಂದ ಅತ್ತೆ ಫೋನ್ ಮಾಡಿದಳು. ಅವಳು ಕಪೆಂಬ್ವಾ ಅವರ ಅಕ್ಕ, ಲುವಾಪುಲಾ ನದಿಯ ದಡದಲ್ಲೇ ಹುಟ್ಟಿ ಅಲ್ಲೇ ಮುದುಕಿಯಾದವಳು. ಕಟೊಂಗೊ ಎಲ್ಲವನ್ನೂ ತೋಡಿಕೊಂಡಳು. ಆ ಕಡೆ ಅತ್ತೆ ಕಾಲ ಬಳಿಯ ಕೋಳಿಗಳನ್ನು ಹುಶ್ ಎಂದು ಓಡಿಸಿದಳು.

"ನಿನ್ನ ತಲೆ ಎಲ್ಲಿಟ್ಟಿದ್ದೀಯೇ ಹುಡುಗಿ? ನಿಮ್ಮಪ್ಪ ಹುಟ್ಟಿದಾಗ ಇಟ್ಟ ಹೆಸರು ಯೊಹಾನೆ. ಚೀಟಿ ಸುಟ್ಟವನು ನಮ್ಮ ದೊಡ್ಡಣ್ಣ ಕಪೆಂಬ್ವಾ. ಜೈಲಿನಿಂದ ಬಂದವನು ಕೆಮ್ಮಿ ಕೆಮ್ಮಿ ಹೋದ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಅವನ ಜಾಗ ಖಾಲಿ ಬಿಡೋಕಾಗುತ್ತಾ? ನಿಮ್ಮಪ್ಪನ್ನ ಚಾಪೆ ಮೇಲೆ ಕೂರಿಸಿ, ಸತ್ತವನ ಬಿಲ್ಲು ಕೈಗೆ ಕೊಟ್ಟು, ಇನ್ನು ನೀನೇ ಕಪೆಂಬ್ವಾ, ಕಪೆಂಬ್ವಾ ಸತ್ತಿಲ್ಲ ಅಂದ್ವಿ. ಅವತ್ತಿಂದ ನಾನೂ ಅವನಿಗೆ ಅಣ್ಣಾ ಅಂತಲೇ ಕರೀತೀನಿ. ನನಗಿಂತ ಚಿಕ್ಕವನು, ಆದ್ರೂ ಅಣ್ಣ. ಅವನು 'ನಾನು ಸುಟ್ಟೆ' ಅನ್ನದೆ ಇನ್ನೇನು ಅನ್ನಬೇಕಿತ್ತು?"

ಕಟೊಂಗೊಗೆ ಗೊತ್ತಿಲ್ಲದ ಪದ್ಧತಿಯೇನಲ್ಲ. ಅಜ್ಜಿ ಸತ್ತ ವರ್ಷ, ಶಾಲೆಗೆ ಹೋಗುತ್ತಿದ್ದ ಚಿಕ್ಕಮ್ಮನ ಮಗಳನ್ನು ಅಜ್ಜಿಯ ಜಾಗದಲ್ಲಿ ಹೀಗೆಯೇ ಕೂರಿಸಿದ್ದರು. ಅಂದಿನಿಂದ ಇಂದಿನವರೆಗೂ ಅವಳನ್ನು ಕಟೊಂಗೊ ಅಜ್ಜಿ ಎಂದೇ ಕರೆಯುತ್ತಾಳೆ, "ನೀನು ಚಿಕ್ಕವಳಿದ್ದಾಗ ನಿನ್ನನ್ನ ಬೆನ್ನಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗ್ತಿದ್ದೆ," ಎಂದು ಆ ಹುಡುಗಿ ಹೇಳಿದರೆ ಹೂಂಗುಡುತ್ತಾಳೆ. ಇಷ್ಟೆಲ್ಲ ಗೊತ್ತಿದ್ದೂ ಆ ಕಪ್ಪುಹಲಗೆಯ ಮುಂದೆ ಒಂದೂ ಹೊಳೆಯಲಿಲ್ಲ. ಮಣ್ಣು ತಿಂದಿತ್ತು ಅವಳ ಓದು.

ಅವಳು ಹಿತ್ತಲಿಗೆ ಹೋದಳು. ಕಪೆಂಬ್ವಾ ಮಾವಿನ ಮರದ ಕೆಳಗೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಅವಳು ಮಂಡಿಯೂರಿ ಕೂತಳು, ಚಿಕ್ಕಂದಿನಲ್ಲಿ ಕೂರುತ್ತಿದ್ದ ಹಾಗೆ.

"ತಪ್ಪಾಯ್ತು ಅಪ್ಪಾ. ಅತ್ತೆ ಹೇಳಿದ್ಲು."

"ಏನಿಲ್ಲ ಬಿಡು ತಾಯಿ. ಆ ಮಗುವಿನ ಲೆಕ್ಕ ಸರಿಯಾಗಿಯೇ ಇತ್ತು."

"ಅವತ್ತೇ ಯಾಕೆ ಹೇಳಲಿಲ್ಲ? ಕ್ಲಾಸಿನಲ್ಲಿ ಬೇಡ, ಕಾರಿನಲ್ಲಾದ್ರೂ?"

ಅವರು ಎರಡು ಕಾಯಿ ಸುಲಿದರು. "ಪರದೇಶದ ಮಗು, ಅದು ಕೇಳಿದ್ದಕ್ಕೆ ಬೇಜಾರಿಲ್ಲ. ನೀನು ಒಳ್ಳೆ ಪ್ರಶ್ನೆ ಅಂದೆ ನೋಡು, ಆಗ ನೀನೇ ಕೇಳ್ತಾ ಇದ್ದೀಯ ಅನ್ನಿಸ್ತು. ನಾನು ಯಾರು ಅಂತ ಹೆತ್ತ ಮಗಳಿಗೆ ಏನು ಬಿಡಿಸಿ ಹೇಳೋದು?"

ಅವಳು ಅತ್ತಳು. ಅವರು ಅವಳ ತಲೆ ಸವರಿ, ಸುಲಿದ ಕಾಯಿಯನ್ನು ಅಂಗೈಗೆ ಹಾಕಿದರು. ಇನ್ನೇನು, ಎಲ್ಲ ಸರಿಹೋಯಿತು ಎಂದುಕೊಂಡಳು.

ಸೋಮವಾರ ಮಕ್ಕಳಿಗೆ ಎಲ್ಲವನ್ನೂ ವಿವರಿಸಿದಳು. ಹಿರುತ್ ಮುಖ ಸಣ್ಣದು ಮಾಡಿಕೊಂಡು ಕೇಳಿದಳು. ಆಮೇಲೆ ಅಭ್ಯಾಸದ ಹಾಳೆಯನ್ನು ಹಿಡಿದುಕೊಂಡು ಮೇಜಿನ ಹತ್ತಿರ ಬಂದಳು.

"ಮಿಸ್, ಇಲ್ಲಿ ಎರಡೇ ಚೌಕ ಇದೆ. ಕಣ್ಣಾರೆ ಕಂಡವರು, ಕೇಳಿ ತಿಳಿದವರು. ತಾತನ್ನ ಯಾವುದರಲ್ಲಿ ಬರೀಲಿ?"

ಸೀನಿದ ಹಾಗೆ ಬರುತ್ತಿದ್ದ ಆ ಹೊಗಳಿಕೆ ಈ ಸಲ ಕಟೊಂಗೊ ಬಾಯಿಗೆ ಬರಲಿಲ್ಲ. "ಖಾಲಿ ಬಿಡು," ಎಂದಳು.

ಆ ಸಂಜೆ ಅವಳು ಅಡುಗೆಮನೆಯಲ್ಲಿ ನ್ಶೀಮಾ ಮುದ್ದೆ ತಿರುವುತ್ತಿದ್ದಳು. ಹೊರಗಿನ ಕೋಣೆಯಲ್ಲಿ ಅವಳ ಆರು ವರ್ಷದ ಮಗಳು ಮಪಾಲೊ ಅಜ್ಜನ ತೊಡೆಯೇರಿ, ಬೆಂಕಿಯ ಕಥೆ ಬೇಕೆಂದು ರಚ್ಚೆ ಹಿಡಿದಿದ್ದಳು. ಬಹಳ ಹೊತ್ತು ಕಾಡಿಸಿಕೊಂಡ ಮೇಲೆ ಅವರು ಶುರು ಮಾಡಿದರು. ಕಟೊಂಗೊಗೆ ಎದೆಯ ಭಾರ ಇಳಿದ ಹಾಗಾಯಿತು.

"ನನಗೊಬ್ಬ ಅಣ್ಣ ಇದ್ದ," ಎಂದರು. "ಅವನ ಹತ್ತಿರ ಒಂದು ಚಿತುಪಾ ಇತ್ತು. ನನಗಾಗ ಹದಿನಾಲ್ಕು. ಅವತ್ತು ನಾನು ಅಲ್ಲಿರಲಿಲ್ಲ. ಅಮ್ಮ ನನ್ನನ್ನ ಮರಗೆಣಸಿನ ತೋಟದಲ್ಲಿ ಬಚ್ಚಿಟ್ಟಿದ್ಲು. ನೋಡಿದವರು ಹೇಳಿದ್ದನ್ನ ಹೇಳ್ತೀನಿ."

"ಹಾಗಲ್ಲ ತಾತ," ಎಂದಳು ಮಪಾಲೊ. "ನೀವು ಸುಟ್ಟಿದ್ದು. ನೀವು ಅವನ ಮುಖ ನೋಡಿದ್ರಿ."

"ಇಲ್ಲ ಕಂದಾ. ಅಣ್ಣ ಸುಟ್ಟಿದ್ದು."

"ಯಾವ ಅಣ್ಣ? ಅವರ ಹೆಸರೇನು?"

"ಕಪೆಂಬ್ವಾ."

ಮಗು ನಕ್ಕಿತು. "ಅದು ನಿಮ್ಮ ಹೆಸರು."

ಒಳಗೆ ಕಟೊಂಗೊ ಮರದ ಸೌಟು ಹಿಡಿದ ಹಾಗೆಯೇ ನಿಂತಿದ್ದಳು. ಅವರು ಏನು ಹೇಳುತ್ತಾರೆಂದು ಅವಳಿಗೆ ತಿಳಿಯಿತು. ಓಡಿಹೋಗಿ ಅವರ ಬಾಯಿ ಮುಚ್ಚಿಬಿಡಬೇಕೆನಿಸಿತು.

"ಅವನ ಹೆಸರು," ಎಂದರು ಅವರು. "ಕಪೆಂಬ್ವಾ ಸತ್ತುಹೋಗಿ ಬಹಳ ವರ್ಷ ಆಯ್ತು."

ಮಪಾಲೊ ಅಜ್ಜನ ತೊಡೆಯಿಂದ ಇಳಿದಳು. ಪಾತ್ರೆಯಲ್ಲಿ ಹಿಟ್ಟು ಗಟ್ಟಿಯಾಗಿ, ತಳ ಹಿಡಿಯತೊಡಗಿತ್ತು.