ರೇಷ್ಮೆಯೋ ನೈಲಾನೋ

ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಮೊಟ್ಟೆ ಸಹ ಹೊಸ್ತಿಲು ದಾಟುವುದಿಲ್ಲ. ಆದರೂ ಶಹಾಪುರದ ನಮ್ಮ ಕಿರಾಣಿ ಅಂಗಡಿಯ ಹಿಂದಿನ ಕೋಣೆಗೆ ಹೋದರೆ, ಬೆಲ್ಲದ ಪೆಂಟೆಗಳ ಮೇಲಿನ ಹಲಗೆಯಲ್ಲಿ ಮೀನು ಹಿಡಿಯುವ ರೀಲುಗಳು ಸಾಲಾಗಿ ಕೂತಿರುತ್ತವೆ. ಗಾಳದ ದಾರ ಸುತ್ತುವ ಗಿರಕಿಗಳು ಅವು. ಎಲ್ಲ ಹಳೆಯವು, ಎಲ್ಲ ಅಗ್ಗದವು. ಇದು ನಮ್ಮವರ, ಅಂದರೆ ಪಂಪಣ್ಣನವರ, ಹುಚ್ಚು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಗಾಳದ ರೀಲು! ಓಣಿಯ ಹೆಂಗಸರು ನಕ್ಕರೆ ನಾನು ಯಾವ ಮುಖ ಇಟ್ಟುಕೊಂಡು ಬೈಯಲಿ? ಹೋಗಲಿ, ಒಂದು ದಿನವಾದರೂ ಅವನ್ನು ನೀರಿಗೆ ಒಯ್ದಿದ್ದಾರೆಯೇ? ಇಲ್ಲ. ಬಿಚ್ಚುವುದು, ಒರೆಸುವುದು, ಎಣ್ಣೆ ಬಿಡುವುದು, ಇದು ಯಾವ ಊರಿನದು, ಯಾವ ಕಾಲದ್ದು ಎಂದು ಗುರುತಿಸುವುದು, ಮತ್ತೆ ಜೋಡಿಸಿ ಇಡುವುದು. ಅಷ್ಟೇ.

"ತುಟ್ಟಿ ರೀಲಿನ ಮ್ಯಾಲ ಹೆಸರು ಕೊರದಿರತೈತಿ, ಕೂಸೂ ಓದತೈತಿ," ಎಂದು ನನಗೆ ಪಾಠ ಹೇಳುತ್ತಿದ್ದರು. "ಅಗ್ಗದ್ದು ಹಂಗಲ್ಲ. ಒಂದೇ ಅಚ್ಚಿನ್ಯಾಗ ತಗದು ಹತ್ತು ಹೆಸರು ಹಚ್ಚಿ ಮಾರತಾರ. ಅದನ್ನ ಗುರುತು ಹಿಡಿಯೋದೇ ಖರೇ ಕಸುಬು ನೋಡು."

ಈ ಕಸುಬಿನಲ್ಲಿ ಇವರಿಗೆ ಒಬ್ಬ ಜೋಡಿ. ಸುರಪುರದಲ್ಲಿ ಗಡಿಯಾರ ರಿಪೇರಿ ಮಾಡುವ ದಸ್ತಗೀರಸಾಬರು. ಅವರಾದರೂ ಮೀನು ಹಿಡಿಯಬಲ್ಲವರು. ನಾರಾಯಣಪುರದ ಅಣೆಕಟ್ಟು ಕಟ್ಟುವಾಗ ಬಂದ ಹೊರಗಿನ ಇಂಜಿನಿಯರರು ವರ್ಗವಾಗಿ ಹೋಗುವಾಗ ಕ್ವಾರ್ಟರ್ಸಿನಲ್ಲಿ ಬಿಟ್ಟು ಹೋದ ರೀಲುಗಳನ್ನೆಲ್ಲ ಇಬ್ಬರೂ ಗುಜರಿ ಅಂಗಡಿಗಳಲ್ಲಿ ಹುಡುಕಿ ತರುತ್ತಿದ್ದರು. ತಂದ ಮೇಲೆ ಜಗಳ. ಒಬ್ಬರು ಜಪಾನ್ ಅಂದರೆ ಇನ್ನೊಬ್ಬರು ಮುಂಬೈ ಫುಟ್‌ಪಾತ್ ಅನ್ನಬೇಕು. ಇಷ್ಟು ವರ್ಷಗಳಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಒಮ್ಮೆಯೂ ಹೂಂ ಅಂದದ್ದನ್ನು ನಾನು ಕೇಳಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂಬಂತೆ, ಅವರಿಬ್ಬರು ಬಡಿದಾಡಿದ ಸಂಕಟಕ್ಕೆ ಚಹಾ ಕಾಯಿಸಬೇಕಾದವಳು ನಾನು.

ಆ ದಿನ ನನ್ನ ತವರು ದೇವಾಪುರಕ್ಕೆ ಮೂವರೂ ಹೋಗಿದ್ದೆವು. ಕಾಲುವೆಯ ಗೇಟಿನ ಕೆಲಸದಿಂದ ನಿವೃತ್ತನಾದ ಮರಿಲಿಂಗಪ್ಪನ ಮನೆಯಲ್ಲಿ ಒಂದು ರೀಲು ಇದೆಯೆಂದು ನನ್ನ ತಮ್ಮ ಸುದ್ದಿ ಕಳಿಸಿದ್ದ. ಮರಿಲಿಂಗಪ್ಪ ಎಣ್ಣೆ ಕಾಗದದಲ್ಲಿ ಸುತ್ತಿದ್ದ ಅದನ್ನು ಪೆಟ್ಟಿಗೆಯಿಂದ ತೆಗೆದು ಸುಮ್ಮನೆ ಕೊಟ್ಟುಬಿಟ್ಟ. ಹಸಿರು ಬಣ್ಣ ಅಲ್ಲಲ್ಲಿ ಕಿತ್ತ ಸಣ್ಣ ರೀಲು. ಅದರ ತುಂಬ ಹಳದಿಗಟ್ಟಿದ ಹಳೆಯ ದಾರ. ಕಾಲುವೆಯ ಏರಿಯ ಮೇಲೆ ಬಸ್ಸಿನ ರಸ್ತೆಗೆ ನಡೆದು ಬರುವಾಗ ಜಗಳ ಶುರುವಾಯಿತು.

"ಇದು ನಿಜಾಮರ ಕಾಲದ್ದು," ಎಂದರು ದಸ್ತಗೀರಸಾಬರು. "ದಾರ ನೋಡು, ರೇಷ್ಮಿ. ನೈಲಾನ್ ಹುಟ್ಟೋದಕ್ಕಿಂತ ಮೊದಲಿಂದು. ಅಸಲಿ ಮಾಲು."

"ಯಾವ ನಿಜಾಮ, ಯಾವ ರೇಷ್ಮಿ! ಡ್ಯಾಮ್ ಕಟ್ಟೋ ಕಾಲದ ಅಗ್ಗದ ಮಾಲು. ಒಂದು ಗೇಣು ದಾರ ಸುಟ್ಟು ನೋಡೋಣು. ರೇಷ್ಮಿ ಆದ್ರ ಬೂದಿ ಆಗತೈತಿ, ನೈಲಾನ್ ಆದ್ರ ಕರಗಿ ಗುಂಡು ಕಟ್ಟತೈತಿ. ಮುಗೀತಲ್ಲ?"

"ಸುಡ್ತಿ? ಕೈ ಮುರೀತೀನಿ ನೋಡು! ಅಸಲಿ ದಾರ ಒಂದು ಬೆರಳಷ್ಟೂ ಕಡಿಯಾಕ ಬಿಡಂಗಿಲ್ಲ."

ಇಷ್ಟು ಹೇಳಿ ರೀಲನ್ನು ಇವರ ಕೈಗೆ ಕೊಟ್ಟು, ನಮಾಜಿನ ಹೊತ್ತಾಯಿತೆಂದು ಕೈಕಾಲು ಮುಖ ತೊಳೆಯಲು ದಸ್ತಗೀರಸಾಬರು ಕಾಲುವೆಯ ಇಳಿಜಾರಿಗೆ ಇಳಿದರು. ಸಿಮೆಂಟಿನ ಮೇಲೆ ಪಾಚಿ ಹಿಡಿದಿತ್ತು. ನಾನು "ಹಗೂರ್ಕ, ಸಾಬ್ರ" ಎನ್ನುವಷ್ಟರಲ್ಲಿ ಅವರ ಕಾಲು ಮೇಲಾಗಿತ್ತು. ನೀರಿಗೆ ಬಿದ್ದ ಸದ್ದೂ ಸರಿಯಾಗಿ ಕೇಳಲಿಲ್ಲ, ಬಿಳಿ ಟೊಪ್ಪಿಗೆ ಮಾತ್ರ ತೇಲಿಹೋಯಿತು.

ಕಾಲುವೆ ತುಂಬಿ ಹರಿಯುತ್ತಿತ್ತು. ಕಾಲುಸೇತುವೆಗೆಂದು ನಡುನೀರಿನಲ್ಲಿ ಎಬ್ಬಿಸಿ ಅರ್ಧಕ್ಕೆ ಕೈಬಿಟ್ಟ ಒಂದು ಕಂಬ, ನೀರು ಹರಿಯುವ ಕಡೆ ಸ್ವಲ್ಪ ಕೆಳಗೆ ನಿಂತಿತ್ತು. ನೀರು ಅವರನ್ನು ತಂದು ಅದಕ್ಕೆ ಅಪ್ಪಳಿಸಿತು. ಕಂಬದಿಂದ ಚಾಚಿದ್ದ ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಅವರು ಕುತ್ತಿಗೆಯವರೆಗೆ ನೀರಲ್ಲಿ ನೇತಾಡಿದರು. ಅರವತ್ತು ದಾಟಿದ ದೇಹ, ಗಡಿಯಾರದ ಮುಳ್ಳು ಹಿಡಿದು ಬದುಕಿದ ಬೆರಳುಗಳು. ಎಷ್ಟು ಹೊತ್ತು ಹಿಡಿದಾವು?

ಭತ್ತದ ಹುಲ್ಲು ಹೇರಿಕೊಂಡು ಅಮಾತೆಪ್ಪ ಎಂಬ ರೈತ ಬಂಡಿ ಹೊಡೆದುಕೊಂಡು ಬರುತ್ತಿದ್ದ. ನಮ್ಮ ಕೂಗು ಕೇಳಿ ಬಂಡಿ ಬಿಟ್ಟು ಓಡಿ ಬಂದ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬನನ್ನು ಗೇಟು ಇಳಿಸಲು ಹೇಳೆಂದು ಓಡಿಸಿದೆವು. ಆದರೆ ಗೇಟು ಇಳಿದು ಇಲ್ಲಿ ನೀರು ತಗ್ಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ಅಮಾತೆಪ್ಪ ಹುಲ್ಲು ಬಿಗಿದಿದ್ದ ಹಗ್ಗ ಬಿಚ್ಚಿ ಬೀಸಿದ. ಅದು ಅರ್ಧಕ್ಕೇ ಬಿತ್ತು. ನೆನೆದ ಹಗ್ಗ ಎರಡನೆಯ ಸಲ ಅಷ್ಟೂ ಹೋಗಲಿಲ್ಲ. ಬಂಡಿಯಲ್ಲಿದ್ದ ಖಾಲಿ ಡಬ್ಬಿಯನ್ನು ಹಗ್ಗಕ್ಕೆ ಕಟ್ಟಿ ಮೇಲಿನಿಂದ ತೇಲಿ ಬಿಟ್ಟೆವು; ನೀರು ಅದನ್ನು ದಡಕ್ಕೇ ತಳ್ಳಿಕೊಂಡು ಹೋಯಿತು.

"ನಾ ಜಿಗೀತೀನ್ರಿ," ಎಂದ ಅಮಾತೆಪ್ಪ.

"ಬಾವ್ಯಾಗ ಈಜಿದಂಗಲ್ಲ ತಮ್ಮಾ ಇದು," ಎಂದು ನಾನು ಅವನ ಅಂಗಿ ಹಿಡಿದೆ. ತಿರುಗಿ ನೋಡಿದರೆ ಇವರು ಚಪ್ಪಲಿ ಕಳಚಿದ್ದರು. ಇವರಿಗೆ ಈಜೇ ಬಾರದು! "ಏನ್ರಿ, ನಿಮಗ ಬುದ್ಧಿ ಗಿದ್ಧಿ ಐತೋ ಇಲ್ಲೋ? ಕೈಯಾಗ ರೀಲ್ ಹಿಡ್ಕೊಂಡು ಸಾಯಾಕ ನಿಂತೀರಲ್ಲ!"

ಆಗ ಇವರು ಕೈಯಲ್ಲಿದ್ದ ರೀಲನ್ನು ಮೊದಲ ಸಲ ನೋಡಿದವರಂತೆ ನೋಡಿದರು. ಹಗ್ಗ ಹೋಗದ ಕಡೆ ತೆಳು ದಾರ ಹೋದೀತು. ದಾರದ ತುದಿಗೆ ಸುತಳಿ, ಸುತಳಿಯ ತುದಿಗೆ ಹಗ್ಗ. ಚೀಲ ಹೊಲಿಯುವ ಸುತಳಿಯ ಉಂಡೆ ಬಂಡಿಯಲ್ಲಿತ್ತು. ಆದರೆ ಈ ದಾರ ಅದನ್ನೆಲ್ಲ ಎಳೆದೀತೇ? ಇವರು ತುದಿಯನ್ನು ಬೆರಳಿಗೆ ಸುತ್ತಿ ಜಗ್ಗಿದರು. ಪಟ್ಟನೆ ಕಡಿಯಿತು. ಇವರ ಮುಖ ಸುಣ್ಣವಾಯಿತು. ಸಾಬರು ಹೇಳಿದಂತೆ ನಿಜಾಮರ ಕಾಲದ ರೇಷ್ಮೆಯಾದರೆ ಒಳಗೆಲ್ಲ ಕೊಳೆತಿರುತ್ತದೆ. ಆಗ ಅವರ ಜೀವಕ್ಕೆ ಬೇರೆ ದಾರಿಯಿಲ್ಲ.

"ಬೀಡಿ ಕೊಡೋ!" ಎಂದರು ಇವರು. ಅಮಾತೆಪ್ಪನ ಕಿವಿಯ ಸಂದಿಯಲ್ಲಿದ್ದ ಬೀಡಿಯನ್ನು ಅವನು ಹಚ್ಚಿಕೊಡುವಾಗ ಎರಡು ಕಡ್ಡಿ ಗಾಳಿಗೆ ಆರಿದವು. ಮೂರನೆಯದು ಹತ್ತಿತು. ಇವರು ಬೆಂಕಿಗೆ ದಾರದ ತುದಿ ಹಿಡಿದರು. ದಾರ ಮುದುರಿತು, ಕರಗಿತು, ಸಾಸಿವೆಯಷ್ಟು ಗುಂಡು ಕಟ್ಟಿತು.

"ನೈಲಾನ್!" ಇವರು ಕೂಗಿದ ಕೂಗಿಗೆ ಎತ್ತುಗಳು ಬೆದರಿದವು. "ಮ್ಯಾಲಿನ ಸುತ್ತು ಬಿಸಿಲು ತಿಂದೈತಿ, ಒಳಗಿಂದು ಗಟ್ಟಿ ಇರತೈತಿ." ಕೆಟ್ಟ ದಾರವನ್ನು ಬಿಚ್ಚಿ ಬಿಸಾಡುತ್ತ ಹೋದರು. ಕಡಿಯದ ದಾರ ಸಿಕ್ಕಿತು. ಅಮಾತೆಪ್ಪ ಎತ್ತಿನ ಕೊರಳಿನ ಗೆಜ್ಜೆಯೊಂದನ್ನು ಕಿತ್ತು ಕೊಟ್ಟ. ಇವರು ಅದನ್ನು ದಾರದ ತುದಿಗೆ ಕಟ್ಟಿದರು; ಅದೇ ಭಾರ.

ಇನ್ನು ಅದನ್ನು ನೀರಿಗೆ ಒಗೆಯಬೇಕು. ನಮ್ಮವರು ರೀಲಿನ ಒಂದೊಂದು ತಿರುಪಿನ ಜಾತಕ ಬಲ್ಲವರು, ಒಗೆದು ಮಾತ್ರ ಗೊತ್ತಿಲ್ಲ. ಎಡಗೈಯಲ್ಲಿ ರೀಲು ಹಿಡಿದು ಬಲಗೈಯಲ್ಲಿ ಗೆಜ್ಜೆ ಬೀಸಿದರು. ಅದು ಕಾಲ ಬುಡದಲ್ಲೇ ನೀರಿಗೆ ಬಿತ್ತು. ಮತ್ತೆ ಒಗೆದರು. ಈ ಸಲ ದೂರ ಹೋಯಿತು, ಆದರೆ ಕಂಬಕ್ಕಿಂತ ಕೆಳಗಡೆ ಬಿತ್ತು. ನೀರು ಅದನ್ನು ಇನ್ನೂ ಕೆಳಗೆ ಒಯ್ದಿತು.

ನೀರಿನ ನಡುವಿನಿಂದ ದಸ್ತಗೀರಸಾಬರ ದನಿ ಬಂತು. "ಹುಚ್ಚಾ! ನನ್ನ ಕಡಿ ಒಗೀಬ್ಯಾಡ! ಮ್ಯಾಲಕ್ಕ ಹೋಗು! ನನ್ನ ದಾಟಿಸಿ ಒಗಿ! ನೀರು ತರತೈತಿ!"

ಇವರು ಏರಿಯ ಮೇಲೆ ಓಡಿದರು. ನಿಂತರು. ಬೀಸಿದರು. ಗೆಜ್ಜೆ ಗಾಳಿಯಲ್ಲಿ ಘಲ್ಲೆಂದು ಹೋಗಿ ಕಂಬದ ಆಚೆ, ಮೇಲ್ಗಡೆ ಬಿತ್ತು. ಹಳದಿ ದಾರ ನೀರಿನ ಮೇಲೆ ಬಿಲ್ಲಿನಂತೆ ಬಾಗಿ, ಮೆಲ್ಲಗೆ ಕೆಳಗೆ ಸರಿಯುತ್ತ ಸಾಬರ ಗದ್ದಕ್ಕೆ ಬಂದು ತಾಗಿತು.

"ಹಿಡಿಯೋ!"

ಅವರು ಹಿಡಿಯಲಿಲ್ಲ. ದಾರವನ್ನು ನೋಡಿದರು, ಸರಳನ್ನು ಇನ್ನೂ ಬಿಗಿಯಾಗಿ ಅಪ್ಪಿದರು.

"ಹಿಡಿಯೋ ದಸ್ತಗೀರಾ! ಒಂದು ಕೈ ಬಿಡು!"

"ರೇಷ್ಮಿ ಐತಿ! ಕಡೀತೈತಿ! ನಾ ಕೈ ಬಿಡಂಗಿಲ್ಲ!"

"ಸುಟ್ಟು ನೋಡೀನಿ! ಗುಂಡು ಕಟ್ಟೇತಿ! ನೈಲಾನ್ ಐತೋ!"

"ಸುಳ್ಳು! ನನ್ನ ಉಳಸಾಕ ಸುಳ್ಳ ಹೇಳಾಕತ್ತಿ!"

ಅಯ್ಯೋ ದೇವರೇ, ಈ ಜಿದ್ದಿಗೆ ಏನು ಹೇಳಲಿ! ನನಗೆ ಅಳುವೂ ಬಂತು, ಸಿಟ್ಟೂ ಬಂತು. ನೀರು ಅವರ ಬಾಯಿಗೆ ಬಡಿಯುತ್ತಿತ್ತು. ಒಂದು ಕೈಯ ಬೆರಳುಗಳು ಸರಳಿನಿಂದ ಒಂದೊಂದಾಗಿ ಜಾರುವುದು ದಡಕ್ಕೆ ಕಾಣುತ್ತಿತ್ತು. ನಾನು ಏರಿಯ ಅಂಚಿಗೆ ಹೋಗಿ ಗಂಟಲು ಹರಿಯುವಂತೆ ಕೂಗಿದೆ.

"ಸಾಬ್ರ! ಇವರ ಮಾತು ನಂಬಬ್ಯಾಡ್ರಿ! ನಿಮ್ಮ ಹಲ್ಲು ಅದಾವಲ್ಲ, ಕಡದು ನೋಡ್ರಿ!"

ಅವರು ನನ್ನನ್ನು ನೋಡಿದರು. ಆಮೇಲೆ ಕತ್ತು ಚಾಚಿ, ಗದ್ದಕ್ಕೆ ಅಂಟಿಕೊಂಡಿದ್ದ ದಾರವನ್ನು ಬಾಯಿಗೆ ಎಳೆದುಕೊಂಡರು. ಸಾವಿನ ಬಾಯಲ್ಲಿ ನಿಂತು ಆ ಮನುಷ್ಯ ದಾರವನ್ನು ಹಲ್ಲಿಗೆ ಹಾಕಿ ಪರೀಕ್ಷೆ ಮಾಡಿದರು! ಒಮ್ಮೆ ಕಚ್ಚಿದರು. ಪಕ್ಕಕ್ಕೆ ಸರಿಸಿ ದವಡೆಯಲ್ಲಿ ಇನ್ನೊಮ್ಮೆ ಕಚ್ಚಿ ಎಳೆದರು.

ಅವರು ಒಂದು ಕೈ ಬಿಟ್ಟರು.

ಮುಂದಿನದನ್ನು ದಾರವೇ ಮಾಡಿತು. ಅಮಾತೆಪ್ಪ ರೀಲಿನ ಹತ್ತಿರ ದಾರ ಕಡಿದು ಈ ತುದಿಗೆ ಸುತಳಿ ಕಟ್ಟಿದ, ಸಾಬರು ಹಲ್ಲಿನಲ್ಲೂ ಕೈಯಲ್ಲೂ ಜಗ್ಗಿದರು. ಸುತಳಿಯ ಹಿಂದೆ ಹಗ್ಗ ಹಾವಿನಂತೆ ನೀರಿನಲ್ಲಿ ಹೋಯಿತು. ಹಗ್ಗವನ್ನು ಕಂಕುಳ ಕೆಳಗೆ ಸುತ್ತಿ ಗಂಟು ಹಾಕಲು ಅವರು ಪಾಡು ಪಡುವಷ್ಟು ಹೊತ್ತನ್ನು ನಾನು ಕಣ್ಣು ಮುಚ್ಚಿ ಕಳೆದೆ. "ಎಳೀರಿ!" ಎಂದು ಅಮಾತೆಪ್ಪ ಕೂಗಿದಾಗ ಕಣ್ಣು ತೆರೆದು ನಾನೂ ಹಗ್ಗಕ್ಕೆ ಕೈ ಹಚ್ಚಿದೆ. ಪಾಚಿಯ ಇಳಿಜಾರಿನಲ್ಲಿ ಅವರನ್ನು ಎಳೆದು ಏರಿಗೆ ತಂದು ಹಾಕಿದಾಗ ಮೂವರ ಅಂಗೈಯೂ ಸುಲಿದಿತ್ತು.

ಅವರು ಬೋರಲು ಮಲಗಿ ನೀರು ಕಾರಿದರು. ಮೈಯೆಲ್ಲ ನಡುಕ, ತುಟಿ ನೀಲಿ. ನಾನು ಸೆರಗಿನಿಂದ ಅವರ ತಲೆ ಒರೆಸಿದೆ. ಅಮಾತೆಪ್ಪ ಬಂಡಿಯ ಹುಲ್ಲನ್ನು ತಂದು ಮೈಮೇಲೆ ಹೊದಿಸಿದ. ಇವರು ಅವರ ಪಕ್ಕ ಮಣ್ಣಿನಲ್ಲೇ ಕೂತು ಅವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಉಜ್ಜುತ್ತಿದ್ದರು. ಕಣ್ಣಿಂದ ನೀರು ಸುರಿಯುತ್ತಿತ್ತು. ಮದುವೆಯಾದಂದಿನಿಂದ ಇವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಬಹಳ ಹೊತ್ತಿನ ಮೇಲೆ ದಸ್ತಗೀರಸಾಬರು ಕಣ್ಣು ಬಿಟ್ಟರು. ಇವರನ್ನು ನೋಡಿದರು, ಇವರ ಮಡಿಲಲ್ಲಿದ್ದ ರೀಲನ್ನು ನೋಡಿದರು. ತುಟಿ ಅಲುಗಿತು.

"ದಾರ ನೈಲಾನ್ ಐತಿ, ಒಪ್ಪಿದೆ," ಎಂದರು. "ಆದ್ರ ಆಮ್ಯಾಲ ಯಾರೋ ಬದಲು ಮಾಡ್ಯಾರ. ರೀಲು ಮಾತ್ರ ನಿಜಾಮರ ಕಾಲದ್ದೇ."

"ಹೌದು," ಎಂದರು ಇವರು. "ನೀ ಹೇಳಿದ್ದೇ ಖರೇ. ನಿಜಾಮರ ಕಾಲದ್ದೇ."

ದಸ್ತಗೀರಸಾಬರ ಮುಖ ಬಿಳಿಚಿಕೊಂಡಿತು. ನಡುನೀರಿನಲ್ಲಿ ನೇತಾಡುವಾಗಲೂ ಅವರ ಕಣ್ಣಲ್ಲಿ ಅಂಥ ಹೆದರಿಕೆ ನಾನು ಕಂಡಿರಲಿಲ್ಲ. ಇವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಯಾಕೋ ಪಂಪಣ್ಣಾ? ನಾ ಉಳಿಯಂಗಿಲ್ಲೇನು?"