ಹತ್ತು ದಿನದ ಮಾತ್ರೆ

ಮೂರನೆಯ ಬಲೂನೂ ಒಡೆಯಿತು. ಸೋಪಿನ ನೊರೆ ಕನ್ನಡಿಗೆ, ಗೋಡೆಗೆ, ಮುದುಕನ ಮೂಗಿನ ತುದಿಗೆ ಸಿಡಿಯಿತು. ಅವನು ಕ್ಷೌರದ ಕತ್ತಿಯನ್ನು ಮೇಜಿನ ಮೇಲಿಟ್ಟು, ಮುಖವನ್ನೂ ಒರೆಸಿಕೊಳ್ಳದೆ, ನಾಲ್ಕನೆಯದನ್ನು ಊದತೊಡಗಿದ.

ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಗಳು, "ಸಾಕು ಬಿಡಪ್ಪಾ. ಇವತ್ತಿನ ಕೋಟಾ ಮುಗೀತು" ಎಂದಳು.

"ನಿನ್ನ ತಮ್ಮ ಒಂದು ಬಲೂನು ಅಂದಿದಾನೆ. ಎಷ್ಟನೇದು ಅಂತ ಹೇಳಿಲ್ಲವಲ್ಲ" ಎಂದ ಅಪ್ಪ. ಮಾತು ತಮಾಷೆಯದು, ಮುಖ ಮಾತ್ರ ಮರದ ಹಲಗೆ. ಎರಡು ವರ್ಷದಿಂದ ಹೀಗೇ. ನಗಿಸುತ್ತಿದ್ದ, ತಾನು ನಗುತ್ತಿರಲಿಲ್ಲ. ತಮ್ಮನ ಮೇಲಿನ ಸಿಟ್ಟು ಒಳಗೇ ಕೂತಿರಬೇಕು ಎಂದುಕೊಂಡಿದ್ದಳು ಅವಳು.

ಊದಿದ ಬಲೂನಿಗೆ ನೊರೆ ಹಚ್ಚಿ, ಬಲೂನು ಒಡೆಯದಂತೆ ನೊರೆಯಷ್ಟನ್ನೇ ಕತ್ತಿಯಿಂದ ತೆಗೆಯುವುದು ಕ್ಷೌರ ಕಲಿಯುವವರಿಗೆ ಅಪ್ಪ ಹೇಳಿಕೊಡುತ್ತಿದ್ದ ಮೊದಲ ಪಾಠ. ಬಲೂನು ಪಾಸಾದರೆ ಗಲ್ಲ, ಗಲ್ಲ ಪಾಸಾದರೆ ಗಂಟಲು. ಮೂವತ್ತೆಂಟು ವರ್ಷ ಊರಿನ ಗಂಟಲುಗಳ ಮೇಲೆ ಕತ್ತಿಯಾಡಿಸಿದವನು ಈಗ ಮತ್ತೆ ಬಲೂನಿಗೆ ಇಳಿದಿದ್ದ. ಎರಡು ವರ್ಷದ ಹಿಂದೆ ಬಲಗೈ ಹೆಬ್ಬೆರಳಿನಲ್ಲಿ ಶುರುವಾದ ನಡುಕ ಮೊದಲು ಮಣಿಕಟ್ಟಿಗೆ, ಆಮೇಲೆ ಎಡಗೈಗೆ ಹತ್ತಿತು. ಗಿರಾಕಿಗಳು ಜಗಳವಾಡದೆ, ಕಾರಣ ಹೇಳದೆ, ಒಬ್ಬೊಬ್ಬರಾಗಿ ಕರಗಿದರು. ಶನಿವಾರ ತಪ್ಪದೆ ಈ ಕುರ್ಚಿಗೆ ಬರುತ್ತಿದ್ದ ದವಾಖಾನೆಯ ಡಾಕ್ಟರು ಕೂಡ ಈಗ ಮನೆಯಲ್ಲೇ ಬೋಳಿಸಿಕೊಂಡು, ಗದ್ದಕ್ಕೆ ಹತ್ತಿಯ ಚೂರು ಅಂಟಿಸಿಕೊಂಡು ಕೆಲಸಕ್ಕೆ ಬರುತ್ತಿದ್ದರು.

ಅಂಗಡಿಯ ಬಾಡಿಗೆ ಕರಾರು ಮುಗಿಯಲು ನಾಲ್ಕು ತಿಂಗಳಿತ್ತು. ಮೊಬೈಲ್ ರಿಪೇರಿಯವನೊಬ್ಬ ಆಗಲೇ ಬಂದು ಗೋಡೆ ಅಳೆದುಕೊಂಡು ಹೋಗಿದ್ದ. "ಮನೇಲಿ ಆರಾಮಾಗಿ ಕೂತ್ಕೊಳಪ್ಪ" ಎಂದಿದ್ದ ತಮ್ಮ. "ಕೂತ್ಕೊಂಡು?" ಎಂದು ಕೇಳಿದ್ದ ಅಪ್ಪ. ಕೊನೆಗೆ ಪಂದ್ಯವಾಯಿತು. ಕರಾರು ಮುಗಿಯುವುದರೊಳಗೆ ಒಂದೇ ಒಂದು ಬಲೂನಿನ ನೊರೆಯನ್ನು ಅದು ಒಡೆಯದಂತೆ ಪೂರ್ತಿ ತೆಗೆದರೆ ಅಂಗಡಿ ಅಪ್ಪನದು. ಇಲ್ಲವಾದರೆ ಬಾಯಿಮುಚ್ಚಿಕೊಂಡು ಕೀಲಿ ಕೊಡಬೇಕು.

"ಏಳೂ ತಂದಿದೀಯಾ?" ಎಂದು ಕೇಳಿದ ಅಪ್ಪ, ಡಬ್ಬಿಗಿಂತ ಮೊದಲು ಅವಳ ಚೀಲ ನೋಡಿ.

ತಂದಿದ್ದಳು. ಬಿಪಿಗೆ ಎರಡು, ತಲೆಸುತ್ತಿಗೆ ಹಳದಿಯದು, ನಡುಕಕ್ಕೆ ಬಿಳಿಯದು, ಹೊಟ್ಟೆ ಕಟ್ಟಿದ್ದಕ್ಕೆ, ನಿದ್ದೆಗೆ, ಇಷ್ಟನ್ನೆಲ್ಲ ತಡೆದುಕೊಳ್ಳಬೇಕಾದ ಹೊಟ್ಟೆಯ ಉರಿಗೆ. ದವಾಖಾನೆಯ ಔಷಧಿ ಕಿಟಕಿಯಲ್ಲಿ ಕೂತು ಹದಿನೆಂಟು ವರ್ಷ ಊರಿಗೆಲ್ಲ ಮಾತ್ರೆ ಎಣಿಸಿಕೊಟ್ಟವಳು ಅವಳು. ಜನ ಅವಳನ್ನು ಕರೆಯುತ್ತಿದ್ದುದೇ ಮಾತ್ರೆಯಕ್ಕ ಎಂದು. ತನ್ನಪ್ಪನಿಗೂ ತನ್ನ ಕೈಯಾರೆ ಕೊಡುತ್ತಿದ್ದೇನೆಂದು ಅವಳಿಗೆ ಒಂದು ಸಣ್ಣ ಹೆಮ್ಮೆಯೂ ಇತ್ತು.

ಆ ವಾರವೇ ಮೇಲಿನ ಕಚೇರಿಯಿಂದ ಆದೇಶ ಬಂತು: ರೋಗಿಗಳ ಹಳೆಯ ಕಾರ್ಡುಗಳನ್ನೆಲ್ಲ ಹೊಸ ಪುಸ್ತಕಕ್ಕೆ ಏರಿಸಬೇಕು. "ಕೊನೇ ಪುಟ ನಕಲು ಮಾಡಿದ್ರೆ ಸಾಕು, ಹಿಂದಿಂದೆಲ್ಲ ಯಾರು ನೋಡ್ತಾರೆ" ಎಂದರು ಡಾಕ್ಟರು. ಮಧ್ಯಾಹ್ನ ಸಾಲು ಕರಗಿದ ಮೇಲೆ ಅವಳು ಅಪ್ಪನ ಕಾರ್ಡು ತೆರೆದಳು. ಕೊನೆಯ ಪುಟದಲ್ಲಿ ಔಷಧಿಯ ಹೆಸರೇ ಇರಲಿಲ್ಲ. ನೇರಳೆ ಶಾಯಿಯ ಮೊಹರಿತ್ತು: ಹಿಂದಿನಂತೆ.

ಆ ಮೊಹರನ್ನು ಮಾಡಿಸಿದವಳು ಅವಳೇ. ಐದು ವರ್ಷದ ಹಿಂದೆ ಡಾಕ್ಟರ ಮಣಿಕಟ್ಟು ಬರೆದೂ ಬರೆದೂ ಊದಿಕೊಂಡಿತ್ತು. ಒಂಬತ್ತರಿಂದ ಒಂದರವರೆಗೆ ನೂರಿಪ್ಪತ್ತು ಜನ. ತಲೆಗೆ ಎರಡು ನಿಮಿಷ. ಇನ್ನೊಬ್ಬ ಡಾಕ್ಟರನ್ನು ಕೊಡಿ ಎಂದು ಬರೆದ ಆರು ಪತ್ರಗಳಿಗೆ ಉತ್ತರವಾಗಿ ಮೇಲಿನವರು ಒಂದು ಗೋಡೆ ಗಡಿಯಾರ ಕಳಿಸಿದ್ದರು. ನೋಡಲಾರದೆ ಅವಳು ಪೇಟೆಗೆ ಹೋಗಿ ರಬ್ಬರ್ ಮೊಹರು ಮಾಡಿಸಿ ತಂದಿದ್ದಳು. "ನನ್ನ ಕೈ ಉಳಿಸ್ದೆ ಕಣಮ್ಮಾ" ಎಂದಿದ್ದರು ಡಾಕ್ಟರು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ. ಅಂದಿನಿಂದ ಸಾಲು ದಡದಡನೆ ಸಾಗಿತು. ಬಡವರಿಗೆ ಮಾತ್ರೆ ಎಷ್ಟು ಬೇಕಾದರೂ ಸಿಗುತ್ತಿತ್ತು. ಹೇಗಿದ್ದೀಯಾ ಎಂದು ಕೇಳಿ, ಉತ್ತರ ಮುಗಿಯುವ ತನಕ ಕೂತಿರುವವರು ಮಾತ್ರ ಸರ್ಕಾರದ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಹಿಂದಿನಂತೆ ಎಂದರೆ ಯಾವುದರಂತೆ? ಅವಳು ಒಂದು ಪುಟ ಹಿಂದಕ್ಕೆ ಹೋದಳು. ಹಿಂದಿನಂತೆ. ಇನ್ನೊಂದು ಪುಟ. ಹಿಂದಿನಂತೆ, ಹಿಂದಿನಂತೆ, ಹಿಂದಿನಂತೆ. ಕತ್ತಲ ನೆಲಮಾಳಿಗೆಗೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತಲೇ ಹೋದಳು. ಎರಡು ವರ್ಷ ಕೆಳಗೆ ಡಾಕ್ಟರ ಕೈಬರಹ ಸಿಕ್ಕಿತು: ಕೈ ನಡುಕ, ಬಿಳಿ ಮಾತ್ರೆಯ ಹೆಸರು. ಅದರ ಕೆಳಗೆ ಮತ್ತೆ ಆರು ಮೊಹರು. ಅದರಾಚೆ ಇನ್ನೊಂದು ಸಾಲು: ತಲೆಸುತ್ತು, ಹಳದಿ ಮಾತ್ರೆ, ದಿನಕ್ಕೆ ಎರಡು. ಅದರ ಮುಂದೆ ಸಣ್ಣಗೆ, ಸ್ಪಷ್ಟವಾಗಿ: ಹತ್ತು ದಿನ.

ಅವಳ ಬೆರಳು ಅಲ್ಲೇ ನಿಂತಿತು. ಹತ್ತು ದಿನದ ಮಾತ್ರೆ ಎರಡೂವರೆ ವರ್ಷ ನಡೆದಿತ್ತು. ಆ ಹತ್ತು ದಿನವನ್ನು ಮೊಹರು ನುಂಗಿ ಕೂತಿತ್ತು. ಅದಕ್ಕೂ ಹಿಂದಿನ ತಿಂಗಳು ಬಿಪಿ ಮಾತ್ರೆ ಒಂದಿದ್ದದ್ದು ಎರಡಾಗಿತ್ತು. ಆಮೇಲೆಯೇ ಅಪ್ಪ ಎದ್ದು ನಿಂತರೆ ತಲೆ ತಿರುಗುತ್ತದೆ ಎಂದದ್ದು.

ಹಳದಿ ಮಾತ್ರೆಯ ಪೆಟ್ಟಿಗೆಯೊಳಗೆ ಮಡಿಸಿಟ್ಟ ತೆಳು ಕಾಗದವಿರುತ್ತದೆ. ದಿನಾ ಅದನ್ನು ಕಸದ ಬುಟ್ಟಿಗೆ ಎಸೆಯುವವಳು ಅವತ್ತು ಕಿಟಕಿಯ ಬೆಳಕಿಗೆ ಹಿಡಿದಳು. ಇರುವೆಯಂಥ ಅಕ್ಷರಗಳಲ್ಲಿ ಇತ್ತು: ಬಹುಕಾಲ ಸೇವಿಸಿದರೆ, ಮುಖ್ಯವಾಗಿ ವಯಸ್ಸಾದವರಲ್ಲಿ, ಕೈ ನಡುಕ, ಮೈ ಬಿಗಿತ.

ಡಾಕ್ಟರು ಕೋಟು ತೆಗೆಯುತ್ತಿದ್ದರು.

"ಸಾರ್, ಒಂದು ಕಾರ್ಡು ನೋಡ್ಬೇಕಿತ್ತು."

"ನಾಳೆ."

"ಇವತ್ತೇ."

ಹದಿನೆಂಟು ವರ್ಷದಲ್ಲಿ ಅವಳು ಅವರಿಗೆ ಹಾಗೆಂದವಳಲ್ಲ. "ಏನಮ್ಮಾ, ಮಾತ್ರೆ ಎಣಿಸೋದು ಬಿಟ್ಟು ಡಾಕ್ಟರಿಕೆ ಯಾವಾಗ ಶುರುಮಾಡ್ದೆ?" ಎಂದರು.

"ನಕಲು ಮಾಡು ಅಂದ್ರಲ್ಲ ಸಾರ್. ಓದದೆ ನಕಲು ಮಾಡೋಕೆ ಬರಲ್ಲ. ಓದದೆ ಮಾಡಬಹುದಾದ್ದು ಮೊಹರು ಹೊಡೆಯೋದೊಂದೇ."

ಅವರ ಮುಖ ಕೆಂಪಾಯಿತು. ಆದರೂ ಕೂತರು. ಮೊದಲ ಪುಟದಿಂದ ಶುರುಮಾಡಿ, ಪ್ರತಿ ಮೊಹರಿನ ಮೇಲೂ ಬೆರಳಿಟ್ಟು, ಒಂದನ್ನೂ ಹಾರಿಸದೆ ಓದಿದರು. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಬೈದಾರು, ಕಾರ್ಡು ಎಸೆದಾರು ಎಂದುಕೊಂಡಿದ್ದವಳು ಅವರ ಬೆರಳನ್ನೇ ನೋಡುತ್ತಾ ನಿಂತಳು. ದೊಡ್ಡವರೊಬ್ಬರು ತಮ್ಮ ತಪ್ಪನ್ನು ಮೊದಲಿಂದ ಕೊನೆಯವರೆಗೆ, ಪುಟ ಬಿಡದೆ ಓದುವುದನ್ನು ಅವಳು ಅದುವರೆಗೆ ಎಲ್ಲಿಯೂ ಕಂಡಿರಲಿಲ್ಲ.

"ಇದು ನನ್ನಕ್ಷರ" ಎಂದರು ಕೊನೆಗೆ, ‘ಹತ್ತು ದಿನ’ ಎಂಬುದರ ಮೇಲೆ ಬೆರಳಿಟ್ಟು.

"ಮೊಹರು ನಂದು ಸಾರ್."

"ನಂಗೆ ಗೊತ್ತಿರೋದೇ ಇದು. ಪುಸ್ತಕದಲ್ಲಿ ಓದಿದೀನಿ, ಪರೀಕ್ಷೆಯಲ್ಲಿ ಬರೆದಿದೀನಿ. ಆ ನೂರಿಪ್ಪತ್ತು ಜನರ ಕಾಲಡಿ ಎಲ್ಲೋ ಬಿದ್ದೋಯ್ತು." ಮೇಜಿನ ಮೇಲಿದ್ದ ಮೊಹರನ್ನೆತ್ತಿ, ಸೂಜಿಗಳನ್ನು ಹಾಕುವ, ಒಮ್ಮೆ ಒಳಗೆ ಬಿದ್ದದ್ದು ಹೊರಬಾರದ ಡಬ್ಬಿಯೊಳಗೆ ಹಾಕಿದರು. ಬಿಪಿ ಯಂತ್ರ ಕಂಕುಳಲ್ಲಿಟ್ಟುಕೊಂಡು ಬಿಸಿಲಿನಲ್ಲಿ ನಡೆದೇ ಅಂಗಡಿಗೆ ಹೊರಟರು. ಅವಳೂ ಹಿಂದೆಯೇ ನಡೆದಳು.

ಅವರನ್ನು ಕಂಡು ಅಪ್ಪ ಗಡಬಡಿಸಿ ಎದ್ದ. "ಶೇವಿಂಗಾ ಸಾರ್?" ದನಿಯಲ್ಲಿ ಆಸೆಗಿಂತ ಗಾಬರಿಯೇ ಹೆಚ್ಚಿತ್ತು.

"ಇಲ್ಲಪ್ಪ. ಮಲಗು."

ಬೆಂಚಿನ ಮೇಲೆ ಮಲಗಿಸಿ ಒಮ್ಮೆ ಬಿಪಿ ನೋಡಿದರು, ನಿಲ್ಲಿಸಿ ಇನ್ನೊಮ್ಮೆ. ನಿಂತಾಗ ಅದು ಜರ್ರನೆ ಇಳಿದಿತ್ತು. ಡಾಕ್ಟರು ಗಿರಾಕಿಯ ಕುರ್ಚಿಯ ಅಂಚಿನಲ್ಲಿ ಕೂತು, "ನಿನ್ನ ಕೈ ನಡುಗಿಸಿದ್ದು ನಾನೇ ಇರಬಹುದು" ಎಂದರು.

ಅಪ್ಪ ಅವರನ್ನೇ ನೋಡಿದ. "ಬಿಡಿ ಸಾರ್. ಈಗ ನಿಮ್ಮ ಕೈಯೇ ನಡುಗ್ತಾ ಇದೆ."

ಬಿಪಿ ಮಾತ್ರೆ ಮತ್ತೆ ಒಂದಾಯಿತು. ಹಳದಿಯದು ನಿಂತಿತು. ಉಳಿದವುಗಳಲ್ಲಿ ಯಾವುದನ್ನು ಯಾವಾಗ, ಎಷ್ಟೆಷ್ಟಾಗಿ ಇಳಿಸಬೇಕು ಎಂದು ಡಾಕ್ಟರು ತಾವೇ ಬರೆದುಕೊಟ್ಟರು. "ಎಲ್ಲ ಒಟ್ಟಿಗೆ ಬಿಟ್ಟುಬಿಟ್ಟೀಯ, ಜೋಕೆ! ವಾರಕ್ಕೊಮ್ಮೆ ಬಂದು ತೋರಿಸು." ಹೊರಗೆ ಬಂದು ಅವಳಿಗೆ ಮಾತ್ರ ಕೇಳುವಂತೆ ಹೇಳಿದರು: "ಹೋಗೇ ಹೋಗುತ್ತೆ ಅಂತ ಹೇಳಲಾರೆ. ಕೆಲವರಿಗೆ ಹೋಗುತ್ತೆ, ತಿಂಗಳುಗಟ್ಟಲೆ ಹಿಡಿಯುತ್ತೆ. ಕೆಲವರಿಗೆ ನಡುಕದ ಕಾಯಿಲೆ ನಿಜವಾಗ್ಲೂ ಒಳಗಿರುತ್ತೆ."

ಅಪ್ಪನಿಗೋ ಮಾತ್ರೆ ಕಿತ್ತುಕೊಂಡದ್ದೇ ದೊಡ್ಡ ಅವಮಾನವಾಯಿತು. "ಪಕ್ಕದ ಬೀದಿ ಟೈಲರಿಗೆ ಒಂಬತ್ತು ಕೊಡ್ತೀಯ, ಹೆತ್ತಪ್ಪನಿಗೆ ಲೆಕ್ಕ ಹಾಕ್ತೀಯ!" ತಮ್ಮ ಬಂದು ಕೂಗಾಡಿದ: "ತಿಂದ್ರೇ ಹಿಂಗಿದಾನೆ, ಬಿಟ್ರೆ ಏನು ಗತಿ? ನಿನ್ನ ಪ್ರಯೋಗಕ್ಕೆ ನಮ್ಮಪ್ಪನೇ ಸಿಕ್ಕಿದ್ನಾ?"

ಮೊದಲ ತಿಂಗಳು ಏನೂ ಆಗಲಿಲ್ಲ. ತಲೆಸುತ್ತು ನಿಂತಿತು, ಅಷ್ಟೇ. ಬಲೂನುಗಳು ಒಡೆಯುತ್ತಲೇ ಇದ್ದವು. ಎರಡನೆಯ ತಿಂಗಳಲ್ಲಿ ಒಂದು ವಾರ ನಡುಕ ಹೆಚ್ಚಿದಂತೆಯೂ ಕಂಡಿತು. ಹಳದಿ ಮಾತ್ರೆಯ ಪಟ್ಟಿಯೊಂದನ್ನು ಅವಳು ತನ್ನ ಕೋಟಿನ ಜೇಬಿಗೆ ಹಾಕಿಕೊಂಡು ಅಂಗಡಿಯವರೆಗೂ ಹೋಗಿ, ಅದನ್ನು ಮುಷ್ಟಿಯಲ್ಲೇ ಹಿಡಿದು ಹಿಂದಿರುಗಿದಳು. ಮಾತ್ರೆ ಬಿಡಿಸಿದ್ದೂ ತನ್ನ ತಪ್ಪೇ ಆದರೆ?

ಮೂರನೆಯ ತಿಂಗಳ ಒಂದು ಮಧ್ಯಾಹ್ನ ಡಬ್ಬಿ ತೆರೆಯುತ್ತಾ ಅವಳು ಹೇಳಿದಳು: "ಟೈಲರಿಗೂ ಇವತ್ತು ಮೂರು ಕಮ್ಮಿ ಮಾಡಿದ್ರು ಅಪ್ಪ. ಕಿಟಕಿ ಮುಂದೆ ನಿಂತು ಅತ್ತೇಬಿಟ್ಟ."

ಅಪ್ಪ ನಕ್ಕ.

ದನಿಯಲ್ಲಲ್ಲ. ಮುಖದಲ್ಲಿ. ಮೊದಲು ಕಣ್ಣಿನ ಮೂಲೆ ಸುಕ್ಕಾಯಿತು, ಆಮೇಲೆ ಗಲ್ಲ ಮೇಲೆದ್ದಿತು, ಬಾಯಿ ಒಂದು ಪಕ್ಕಕ್ಕೆ ವಾಲಿ ಕೋರೆಹಲ್ಲಿನ ಖಾಲಿ ಜಾಗ ಕಾಣಿಸಿತು. ಅವಳು ಚಮಚ ಹಿಡಿದವಳು ಹಾಗೆಯೇ ನಿಂತಳು. ಮುನಿಸಲ್ಲ, ಸಿಟ್ಟಲ್ಲ. ಎರಡು ವರ್ಷ ಈ ನಗೆ ಚರ್ಮದ ಹಿಂದೆ ಬಾಗಿಲು ಬಡಿಯುತ್ತಾ ನಿಂತಿತ್ತು. ಕಡಲೆಬೇಳೆಯಷ್ಟು ಹಳದಿ ಚೂರೊಂದು ಒಬ್ಬ ಇಡೀ ಮನುಷ್ಯನಿಗೆ ಚಿಲಕ ಹಾಕಿತ್ತು. ಅದು ಸರಿದದ್ದೇ ದೇಹ ಯಾರ ಮೇಲೂ ದೂರು ಹೇಳದೆ, ತನ್ನಷ್ಟಕ್ಕೆ ತಾನು, ಒಂದೊಂದೇ ಕಿಟಕಿ ತೆರೆಯುತ್ತಿತ್ತು.

"ಏನೇ ಹಂಗೆ ನೋಡ್ತಿದೀಯಾ? ಮೂಗಿಗೆ ನೊರೆ ಹತ್ತಿದೆಯಾ?"

"ಇಲ್ಲಪ್ಪ" ಎಂದಳು.

ಆಮೇಲೆ ನಡೆಯುವಾಗ ತೋಳು ಬೀಸತೊಡಗಿತು. ಆಮೇಲೊಂದು ದಿನ ಅಪ್ಪನ ಕೈಯಲ್ಲಿನ ಚಹಾದ ಲೋಟದಲ್ಲಿ ಚಾವಣಿಯ ದೀಪ ಅಲುಗದೆ ಕಂಡಿತು. ದವಾಖಾನೆಯಲ್ಲಿ ಡಾಕ್ಟರು ಎಲ್ಲ ಮಾತ್ರೆಗಳ ಹೆಸರನ್ನೂ ಕೈಯಲ್ಲೇ ಬರೆಯುತ್ತಿದ್ದರು. ದಿನಕ್ಕೆ ಹತ್ತು ಜನರಿಗೆ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿಯಲು ಹೇಳಿದ್ದರು. ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಜನ ಬೈಯುತ್ತಿದ್ದರು, ಮೇಲಿನವರಿಂದ ನೋಟಿಸೂ ಬಂದಿತ್ತು. ಅದನ್ನವರು ಗಡಿಯಾರದ ಮೊಳೆಗೇ ಸಿಕ್ಕಿಸಿದ್ದರು.

ಕರಾರಿನ ಕೊನೆಯ ದಿನ ತಮ್ಮ ಬಂದ. ಅಪ್ಪ ಕೆಂಪು ಬಲೂನನ್ನು ಊದಿ, ನೊರೆ ಹಚ್ಚಿ, ಎಡಗೈಯಲ್ಲಿ ಹಿಡಿದು ಕತ್ತಿ ತೆಗೆದ. ಬಿಳಿ ನೊರೆಯ ಕೆಳಗಿನಿಂದ ಕೆಂಪು ಒಂದೊಂದೇ ಪಟ್ಟಿಯಾಗಿ ಹೊರಬಂತು. ಕೊನೆಯ ಪಟ್ಟಿಯೂ ಬಂದಾಗ ಅಪ್ಪ ಅದನ್ನು ತೊಳೆದು ಮಗನ ಕೈಗಿಟ್ಟ.

ತಮ್ಮ ಬಲೂನನ್ನು ಹಿಂದುಮುಂದು ತಿರುಗಿಸಿ ನೋಡಿದ. ಅವನ ಕಣ್ಣು ತುಂಬಿತ್ತು, ಆದರೂ ಹಟ ಹೋಗಿರಲಿಲ್ಲ. "ಸರಿ, ಗೆದ್ದೆ. ಆದ್ರೆ ಬಲೂನು ದುಡಿದು ತಿನ್ನಿಸಲ್ಲ ಕಣಪ್ಪಾ. ಈ ಕುರ್ಚಿಲಿ ಕತ್ತಿ ಕೆಳಗೆ ಕತ್ತು ಕೊಡೋರು ಯಾರು?"

ಅಪ್ಪ ಕತ್ತಿಯನ್ನು ಒರೆಸಿ ಮೇಜಿನ ಮೇಲಿಟ್ಟ.

ಅಂದು ಶನಿವಾರ. ಒಂದೂವರೆಗೆ ಡಾಕ್ಟರು ಬಂದರು, ಗದ್ದದ ಮೇಲೆ ಎರಡು ದಿನದ ಬಿಳಿ ಗಡ್ಡ. ಯಾರನ್ನೂ ಏನೂ ಕೇಳದೆ ಕನ್ನಡಕ ಬಿಚ್ಚಿ ಮಾತ್ರೆಯಕ್ಕನ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಒರಗಿಸಿದರು.

"ಸಾರ್..." ಎಂದ ಅಪ್ಪ.

"ಹೂಂ. ಹಚ್ಚು."

ನೊರೆ ಹಚ್ಚಿದ. ಎಡಗಲ್ಲ ಮುಗಿಯಿತು, ಬಲಗಲ್ಲ ಮುಗಿಯಿತು. ಕತ್ತಿ ಗದ್ದದ ಕೆಳಗಿಳಿಯಿತು. ಡಾಕ್ಟರು ಕಣ್ಣು ಮುಚ್ಚಿದ್ದರು. ಗಂಟಲಿನ ಗಂಟು ಮೆಲ್ಲಗೆ ಮೇಲೆದ್ದಿತು. ಅದು ಮತ್ತೆ ತನ್ನ ಜಾಗಕ್ಕೆ ಇಳಿಯುವವರೆಗೆ ಕತ್ತಿ ಗಾಳಿಯಲ್ಲಿ, ಕೂದಲೆಳೆಯಷ್ಟೂ ಅಲುಗದೆ, ಕಾದಿತ್ತು.